ಜವಳಿ ಗಂಟಿನ ಕತೆಗಾರ

ನಮ್ಮ ಕಡೆ ಹುಣಸೆ ಹಣ್ಣು ಕುಟ್ಟುವ ಕಾಲಕ್ಕೆ ಒಂದು ಕಟ್ಟಳೆ ಇದೆ. ಕತೆ ಹೇಳುವವರು ಕೊಡತಿ ಮುಟ್ಟಬೇಕಿಲ್ಲ. ಬೀದಿಯ ಹೆಂಗಸರೆಲ್ಲ ಯಾರಾದರೂ ಒಬ್ಬರ ಮನೆಯ ಪಡಸಾಲೆಯಲ್ಲಿ ಸೇರುತ್ತೇವೆ. ಕಾಲ ಮುಂದೆ ಒಂದೊಂದು ಕಲ್ಲಿಟ್ಟುಕೊಂಡು, ಸಿಪ್ಪೆ ಬಿಡಿಸಿದ ಹಣ್ಣನ್ನು ಮರದ ಕೊಡತಿಯಿಂದ ಬಡಿದು ಬೀಜ ಹಾರಿಸುತ್ತಾ ಕೂರುತ್ತೇವೆ. ಒಬ್ಬಳು ಮಾತ್ರ ಗೋಡೆಗೊರಗಿ ಕತೆ ಹೇಳುತ್ತಾಳೆ. ಅವಳ ಪಾಲಿನ ಹಣ್ಣನ್ನು ಉಳಿದವರು ಹಂಚಿಕೊಂಡು ಕುಟ್ಟುತ್ತಾರೆ. ಕೇಳುವವರು ಮಾತ್ರ ಹೂಂಗುಟ್ಟುತ್ತಾ ಇರಬೇಕು. ಹೂಂಗುಟ್ಟದಿದ್ದರೆ ಅಲ್ಲಿಗೇ ಕತೆ ನಿಲ್ಲಿಸಿ ಎದ್ದುಹೋಗುವ ಹಕ್ಕು ಹೇಳುವವಳಿಗೆ ಉಂಟು. ಈ ಕಟ್ಟಳೆಯ ಪೂರ್ತಿ ಲಾಭ ಪಡೆದವರು ನಮ್ಮ ಅತ್ತೆ. ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವರ ಕೈಯಲ್ಲಿ ಕೊಡತಿ ನೋಡಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಎರಡು ಕಾಲವೂ ಅತ್ತೆಯದೇ.

ಅವರು ಹೇಳುತ್ತಿದ್ದ ಕತೆಗಳಲ್ಲಿ ಹೆಚ್ಚಿನವು ಕೊರಟಗೆರೆಯ ಒಂದು ಜವಳಿ ಅಂಗಡಿಯಿಂದ ಬಂದವು. ನಮ್ಮೂರು ಮಧುಗಿರಿಯಿಂದ ಕೊರಟಗೆರೆಗೆ ಹೋಗುವ ದಾರಿಯಲ್ಲಿದೆ. ಸುತ್ತಲ ಊರಿನವರೆಲ್ಲ ಮದುವೆ ಜವಳಿ ತೆಗೆಯಲು ಆ ಅಂಗಡಿಗೇ ಹೋಗುತ್ತಿದ್ದರು. ಪಾವಗಡದ ಕಡೆಯಿಂದಲೂ ಬಸ್ಸು ಹಿಡಿದು ಬರುತ್ತಿದ್ದರು. ಲಿಂಗಾಯತರ ಅಂಗಡಿ, ತಲೆತಲಾಂತರದ್ದು. ಅದರ ಯಜಮಾನರಿಗೆ ಕಾದಂಬರಿ ಬರೆಯುವ ಹುಚ್ಚು. ಪಾಳೆಯಗಾರರು, ಶಿರಾದ ಸುಬೇದಾರನ ದಂಡು, ಕೋಟೆಯ ಕಳ್ಳದಾರಿ, ಕಂದಕ ಹಾರುವ ಕುದುರೆ, ಮಜ್ಜಿಗೆ ಮಾರುವವಳ ವೇಷದಲ್ಲಿ ಬರುವ ಬೇಹುಗಾರ ಎಲ್ಲವೂ ಅದರಲ್ಲಿರುತ್ತಿದ್ದವು. ತಾವೇ ಅಚ್ಚು ಹಾಕಿಸಿ, ಮಾರುವುದು ಹೇಗೆಂದು ತಿಳಿಯದೆ, ಮದುವೆ ಜವಳಿ ಗಂಟು ಕಟ್ಟುವಾಗ ಧಾರೆ ಸೀರೆಯ ಕೆಳಗೆ ಒಂದು ಪುಸ್ತಕ ಇಟ್ಟುಬಿಡುತ್ತಿದ್ದರು. ಬೇಕೇ ಬೇಡವೇ ಅಂತ ಕೇಳುತ್ತಲೂ ಇರಲಿಲ್ಲ.

ಹಾಗಾಗಿ ನಮ್ಮ ಸೀಮೆಯಲ್ಲಿ ಸೊಸೆಯರ ಜೊತೆಗೆ ಕಾದಂಬರಿಗಳೂ ಮನೆ ಸೇರಿದವು. ಯಾವ ಮನೆಗೆ ಯಾವ ಕಾದಂಬರಿ ಬಂದಿದೆ ಎಂದು ಹೆಂಗಸರಿಗೆಲ್ಲ ಗೊತ್ತು. ಒಂದು ಮದುವೆ ಮುಗಿದರೆ ಹೊಸ ಹೆಣ್ಣು ಹೇಗಿದ್ದಾಳೆ ಎಂದು ಕೇಳಿದ ಮೇಲೆ, 'ಗಂಟಲ್ಲಿ ಯಾವ್ದು ಬಂತು?' ಎಂದು ಕೇಳುವುದು ವಾಡಿಕೆಯಾಯಿತು. ನನ್ನ ಮದುವೆಯ ಗಂಟು ಬಿಚ್ಚಿದಾಗ ನಮ್ಮವ್ವ ಸೀರೆಯ ಅಂಚು ತೋರಿಸಲು ಹೋದರೆ, ಅತ್ತೆ 'ಇರ್ಲಿ ಬುಡಿ, ಸೀರೆ ಎಲ್ಲಿಗೋಯ್ತದೆ' ಎಂದು ಪುಸ್ತಕ ಎತ್ತಿಕೊಂಡು ಒಳಗೆ ಹೋದರಂತೆ. ನಾಲ್ಕನೇ ಕ್ಲಾಸು ಓದಿದ ಹೆಂಗಸು. ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿ ಮುಗಿಸಿ, ಆ ವರ್ಷದ ಹುಣಸೆ ಕಾಲವನ್ನೆಲ್ಲ ಅದರಲ್ಲೇ ಕಳೆದರು.

ಆ ಯಜಮಾನರನ್ನು ಯಾರಾದರೂ ಒಂದು ಮಾತು ಆಡಿದರೆ ಅತ್ತೆ ಸಹಿಸುತ್ತಿರಲಿಲ್ಲ. ಕುದುರೆ ಅಷ್ಟು ಅಗಲದ ಕಂದಕ ಹಾರುವುದುಂಟೇ ಎಂದು ನಾನು ಒಮ್ಮೆ ಕೇಳಿ, ಮೂರು ದಿನ ಮುಖ ಊದಿಸಿಕೊಂಡ ಅತ್ತೆಗೆ ಕಾಫಿ ಕೊಡುವ ಶಿಕ್ಷೆ ಅನುಭವಿಸಿದ್ದೇನೆ. 'ನೀನೇನು ಕುದ್ರೆ ಸಾಕಿದ್ಯಾ?' ಎಂದಿದ್ದರು. ಯಜಮಾನರು ಬರೆದದ್ದೆಲ್ಲ ದಿಟ ಎಂದು ಅತ್ತೆ ನಂಬಿದ್ದಾರೆ ಎಂದೇ ನಾವು ತಿಳಿದಿದ್ದೆವು.

ಕಳೆದ ದೀಪಾವಳಿ ಆದ ಮೇಲೆ ಒಂದು ಬೆಳಿಗ್ಗೆ ಅತ್ತೆಯ ಬಲಗೈಯಿಂದ ಚೊಂಬು ಜಾರಿತು. ಬಾಯಿ ಓರೆಯಾಯಿತು. ಲಕ್ವ ಎಂದರು. ತುಮಕೂರಿನ ಆಸ್ಪತ್ರೆಯಿಂದ ಬರುವ ಹೊತ್ತಿಗೆ ಕೋಲು ಹಿಡಿದು ನಡೆಯುವಷ್ಟಾಗಿದ್ದರು, ಬಾಯಿಯೂ ನೆಟ್ಟಗಾಗಿತ್ತು. ಮಾತು ಮಾತ್ರ ಹೋಗಿತ್ತು. ಹೇಳಿದ್ದೆಲ್ಲ ತಿಳಿಯುತ್ತಿತ್ತು, ಆದರೆ ಒಂದು ಸದ್ದು ಹೊರಗೆ ಬರುತ್ತಿರಲಿಲ್ಲ. ಡಾಕ್ಟರಮ್ಮ ನನ್ನನ್ನು ಬದಿಗೆ ಕರೆದು, 'ಮಾತು ಬರಬಹುದು, ಬರದೆಯೂ ಇರಬಹುದು. ಯಾವುದಕ್ಕಾದರೂ ಒಂದು ಸದ್ದು ಮಾಡಿದರೆ ಅದನ್ನು ಮಾತ್ರ ಬಿಡಬೇಡಿ, ದಿನಾ ಮಾಡಿಸಿ. ಅವರು ಹುಡುಕುವಾಗ ನೀವು ಬಾಯಿ ಹಾಕಬೇಡಿ' ಎಂದರು. ನಾವು ಚೊಂಬು ತೋರಿಸಿದೆವು, ಎಲೆ ಅಡಿಕೆ ತೋರಿಸಿದೆವು, ಮೊಮ್ಮಕ್ಕಳ ಫೋಟೋ ತೋರಿಸಿದೆವು. ಎಲ್ಲಕ್ಕೂ ಅತ್ತೆ ಮುಖ ಆ ಕಡೆ ತಿರುಗಿಸಿದರು. ಮನೆಯೊಳಗೆ ಅಷ್ಟು ನಿಶ್ಶಬ್ದ ನಾನೆಂದೂ ಕಂಡಿರಲಿಲ್ಲ. ನನಗೆ ಹೆದರಿಕೆಯಾಗುತ್ತಿತ್ತು.

ಶಿವರಾತ್ರಿ ಕಳೆದು ಹುಣಸೆ ಕುಟ್ಟಲು ಕೂತೆವು. ಅತ್ತೆಯನ್ನು ಅವರ ಗೋಡೆಯ ಪಕ್ಕ ಕೂರಿಸಿದೆವು. ಕತೆ ಹೇಳುವವರು ಯಾರು? ಆಗ ನನ್ನ ವಾರಗಿತ್ತಿ, ಮೈದುನನ ಹೆಂಡತಿ, ತನ್ನ ಫೋನು ತೆಗೆದಳು. ಅವಳ ತವರು ಪಾವಗಡದಾಚೆ, ವಳ್ಳೂರಿನ ಹತ್ತಿರ, ಮನೆಮಾತು ತೆಲುಗು. ಅವಳ ಮದುವೆ ಗಂಟಿನಲ್ಲೂ ಒಂದು ಕಾದಂಬರಿ ಬಂದಿತ್ತು. ಯಜಮಾನರಿಗೆ ಈಗ ಎಂಬತ್ತು ದಾಟಿದೆ, ಕಣ್ಣು ಮಂಜಾಗಿ ಬರೆಯುವುದು ನಿಂತಿದೆ. ಆದರೆ ದಿನಾ ಬೆಳಿಗ್ಗೆ ಪೂಜೆ ಮುಗಿಸಿ, ಹೊಸ ಕಾದಂಬರಿಯನ್ನು ಬಾಯಲ್ಲೇ ಹೇಳುತ್ತಾರೆ. ಅದನ್ನು ಮಗ ವಾಟ್ಸಾಪ್ ಗುಂಪಿಗೆ ಹಾಕುತ್ತಾನೆ. ಇದೆಲ್ಲ ಅವಳಿಗೆ ಹೇಗೋ ಗೊತ್ತಾಗಿ ಗುಂಪು ಸೇರಿಕೊಂಡಿದ್ದಳು.

ಫೋನನ್ನು ಮೊರದ ಮೇಲೆ ಇಟ್ಟಳು. ಮುದಿ ದನಿಯೊಂದು ಶುರುವಾಯಿತು. ಶಿರಾ ಕೋಟೆಯಿಂದ ಸುಬೇದಾರನ ಗುಟ್ಟು ಕದ್ದು ಒಬ್ಬ ಬೇಹುಗಾರ ಮಧುಗಿರಿಯ ಪಾಳೆಯಗಾರನ ಬಳಿಗೆ ಕುದುರೆ ಓಡಿಸುತ್ತಾ ಬರುತ್ತಿದ್ದ. ನಾವು ರೂಢಿಯಂತೆ ಹೂಂಗುಟ್ಟಿದೆವು. ಮೂರನೆಯ ಸಲವೋ ನಾಲ್ಕನೆಯ ಸಲವೋ ಗೋಡೆಯ ಕಡೆಯಿಂದಲೂ ಒಂದು ಹೂಂ ಬಂತು. ಎಲ್ಲರ ಕೊಡತಿಯೂ ನಿಂತಿತು. ಕತೆ ಮುಂದುವರಿಯಿತು, ಅತ್ತೆ ಮತ್ತೊಮ್ಮೆ ಹೂಂ ಎಂದರು. ವಾರಗಿತ್ತಿ 'ಅಮ್ಮೋ, ಅತ್ತಮ್ಮ' ಎಂದು ತೆಲುಗಿನಲ್ಲಿ ಏನೋ ಹೇಳಹೊರಟಳು, ಅವಳ ಬಾಯಿಯನ್ನು ನಾನೇ ಮುಚ್ಚಿದೆ.

ಅಲ್ಲಿಂದ ದಿನಾ ಇದೇ ಕೆಲಸ. ಮಧ್ಯಾಹ್ನ ಊಟವಾದ ಮೇಲೆ ಫೋನು, ಹುಣಸೆ ಹಣ್ಣು, ಅತ್ತೆಯ ಹೂಂ. ಮೊದಲು ನರಳಿದಂತೆ ಬರುತ್ತಿದ್ದದ್ದು ಆಮೇಲೆ ಗಟ್ಟಿಯಾಯಿತು. ಬೇಹುಗಾರ ಸಿಕ್ಕಿಬೀಳುವಂತಾದರೆ ಉದ್ದವಾಗಿ ಎಳೆಯುತ್ತಿದ್ದರು. ತಪ್ಪಿಸಿಕೊಂಡರೆ ಗಿಡ್ಡ ಮಾಡಿ ಮುಗಿಸುತ್ತಿದ್ದರು. ಡಾಕ್ಟರಮ್ಮನಿಗೆ ಫೋನು ಮಾಡಿದರೆ, 'ಇದೇ ದಾರಿ. ನಿಲ್ಲಿಸಬೇಡಿ' ಎಂದರು.

ಹಾಗೆ ನಡೆಯುತ್ತಿದ್ದ ಕತೆ ಒಂದು ದಿನ ಬರಲಿಲ್ಲ. ಬೇಹುಗಾರ ಮಧುಗಿರಿ ಬೆಟ್ಟದ ನೆತ್ತಿಯ ಮೇಲೆ ಕುದುರೆ ಸಮೇತ ಸಿಕ್ಕಿಕೊಂಡಿದ್ದ, ಕೆಳಗೆ ಸುಬೇದಾರನ ದಂಡು ಮುತ್ತಿತ್ತು. ಮರುದಿನವೂ ಬರಲಿಲ್ಲ. ಒಂದು ವಾರ ಕಳೆಯಿತು. ಹಳೆಯ ಕಂತುಗಳನ್ನು ಮತ್ತೆ ಹಾಕಿದರೆ ಅತ್ತೆಗೆ ಅದು ಮೊದಲ ಮಾತಿಗೇ ಗೊತ್ತಾಗುತ್ತಿತ್ತು, ಗೋಡೆಗೆ ಮುಖ ಮಾಡುತ್ತಿದ್ದರು. ನಾನೇ ಒಂದು ಕತೆ ಕಟ್ಟಿ ಹೇಳಲು ಹೋದೆ. ಅತ್ತೆ ನಿದ್ದೆ ಮಾಡಿಬಿಟ್ಟರು. ಹೂಂ ನಿಂತಿತು. ಮುದ್ದೆ ಅರ್ಧಕ್ಕೇ ಬಿಡತೊಡಗಿದರು. ಬಂದ ಒಂದು ಸದ್ದೂ ಕೈಬಿಟ್ಟು ಹೋಗುತ್ತಿದೆಯಲ್ಲ ಎಂದು ನನಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಜೊತೆಗೆ ಇನ್ನೊಂದು ಯೋಚನೆ, ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಎಂಬತ್ತು ದಾಟಿದ ಮನುಷ್ಯನ ದನಿ ಇದ್ದಕ್ಕಿದ್ದಂತೆ ನಿಂತರೆ ಏನರ್ಥ?

ವಾರಗಿತ್ತಿ ಧೈರ್ಯ ಮಾಡಿ ಅಂಗಡಿಗೆ ಫೋನು ಮಾಡಿದಳು. ಅಂಗಡಿಯ ಹೆಂಗಸೊಬ್ಬಳು ಎತ್ತಿ, 'ಅವ್ರು ಯಾರತ್ರನೂ ಮಾತಾಡಲ್ಲ ಅಂತವ್ರೆ' ಎಂದು ಇಟ್ಟುಬಿಟ್ಟಳು. ಬದುಕಿರುವುದಂತೂ ಖಾತ್ರಿಯಾಯಿತು. ಆದರೆ ಹೇಗಿದ್ದಾರೋ, ಯಾವ ಕಾಯಿಲೆಯೋ ಗೊತ್ತಿಲ್ಲ.

'ಅಕ್ಕ, ಪೋದಾಂ ಪದ' ಎಂದಳು ವಾರಗಿತ್ತಿ. ಕೋಪ ಬಂದರೂ ಭಯ ಬಂದರೂ ಅವಳಿಗೆ ತೆಲುಗು ಬರುತ್ತದೆ. ಹೋಗೋಣ ನಡಿ ಎಂದು ಅರ್ಥ.

ಮರುದಿನ ಬೆಳಿಗ್ಗೆ ಬಸ್ಸು ಹತ್ತಿದೆವು. ಸಿದ್ದರಬೆಟ್ಟಕ್ಕೆ ಹೋಗುವವರು ತುಂಬಿಕೊಂಡಿದ್ದರಿಂದ ಒಂಟಿ ಕಾಲಿನಲ್ಲಿ ನಿಂತೇ ಕೊರಟಗೆರೆ ತಲುಪಿದೆವು. ಬರಿಗೈಯಲ್ಲಿ ಹೋಗಬಾರದೆಂದು ಹೊಸ ಹುಣಸೆ ಹಣ್ಣಿನ ಒಂದು ಉಂಡೆ ಕಟ್ಟಿಕೊಂಡಿದ್ದೆವು. ಅಂಗಡಿ ಈಗ ಮಗನದು. ಮುಂದುಗಡೆ ಚೂಡಿದಾರ್, ನೈಟಿ ನೇತಾಡುತ್ತಿದ್ದವು. ಅವುಗಳ ಮಧ್ಯೆ ದಾರಿ ಮಾಡಿಕೊಂಡು ಒಳಗೆ ಹೋದರೆ, ಹಿಂದಿನ ಕೋಣೆಯಲ್ಲಿ ಹಣೆಗೆ ವಿಭೂತಿ ಬಳಿದುಕೊಂಡು ಯಜಮಾನರು ಕುರ್ಚಿಯಲ್ಲಿ ಕೂತಿದ್ದರು. ಗುಂಡುಕಲ್ಲಿನ ಹಾಗಿದ್ದರು. ಮುಂದೆ ಅರ್ಧ ಖಾಲಿಯಾದ ಉಪ್ಪಿಟ್ಟಿನ ತಟ್ಟೆ.

ಹೋದ ಜೀವ ಬಂದಂತಾಯಿತು. ಜೀವ ಬಂದದ್ದೇ ತಡ, ಸಿಟ್ಟೂ ಬಂತು. ನನ್ನ ಗುಣವೇ ಹಾಗೆ.

'ಯಜಮಾನ್ರೇ, ಆ ಹುಡುಗನ್ನ ಬೆಟ್ಟದ ಮೇಲೆ ಕೂರುಸ್ಬುಟ್ಟು ನೀವಿಲ್ಲಿ ಉಪ್ಪಿಟ್ಟು ತಿಂತಾ ಕೂತಿದೀರಲ್ಲ, ಇದು ಸರಿನಾ?' ಎಂದೆ.

ಅವರು ತಲೆಯೆತ್ತಿ ದನಿ ಬಂದ ಕಡೆ ನೋಡಿದರು. ಮುಖ ಕಾಣುವಷ್ಟು ಕಣ್ಣಿರಲಿಲ್ಲ. 'ಯಾವ ಹುಡುಗ ತಾಯಿ?' ಎಂದರು.

'ಬೇಹುಗಾರ.'

ಯಜಮಾನರು ಉಪ್ಪಿಟ್ಟಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. 'ಅದನ್ನ ಕೇಳಿದೋರೂ ಇದೀರಾ?' ಎಂದರು.

ಆಗ ವಿಷಯ ಹೊರಬಂತು. ಅವರಿಗೆ ಯಾವ ಕಾಯಿಲೆಯೂ ಇರಲಿಲ್ಲ, ಮುನಿಸು. ಗುಂಪಿನಲ್ಲಿ ನೂರಾರು ಜನ ಇದ್ದಾರೆ ಎಂದು ಮಗ ಹೇಳಿದ್ದ. ಅವರು ದಿನಾ ಕತೆ ಹೇಳುತ್ತಿದ್ದರು, ಯಾರಾದರೂ ಏನಾದರೂ ಹೇಳಿಯಾರು ಎಂದು ದಿನವಿಡೀ ಕಾಯುತ್ತಿದ್ದರು. ಜನ ಹೆಬ್ಬೆರಳಿನ ಬೊಂಬೆ ಹಾಕುತ್ತಿದ್ದರು, ಹೂವಿನ ಬೊಂಬೆ ಹಾಕುತ್ತಿದ್ದರು. ಶಿರಾದವರೊಬ್ಬರು ಬಿಡದೆ ಕೈಮುಗಿದ ಬೊಂಬೆ ಹಾಕುತ್ತಿದ್ದರು. ಮಂಜುಗಣ್ಣಿಗೆ ಬೊಂಬೆ ಕಾಣುತ್ತದೆಯೇ? ಕಿವಿಗೆ ಒಂದು ಸದ್ದೂ ಬೀಳಲಿಲ್ಲ.

'ಹಾಳು ಬಾವಿಗೆ ಕಲ್ಲಾಕಿದ್ರೆ ಅದಾದ್ರೂ ದುಡುಂ ಅಂತದೆ ತಾಯಿ. ಜವಳಿ ಗಂಟಲ್ಲಿ ಪುಸ್ತಕ ಇಟ್ಟು ಕಳಿಸ್ದಾಗ್ಲೂ ಇಂಗೇ. ಓದಿದ್ರೋ, ಒಲೆಗೆ ಹಾಕಿದ್ರೋ, ಯಾರೂ ಬಂದು ಹೇಳ್ಲಿಲ್ಲ. ಮದುವೆ ಆದ್ಮೇಲೆ ಬರೋರು ಸೀರೆ ಬಣ್ಣ ಹೋಯ್ತು ಅಂತ ಜಗಳಕ್ಕೆ ಬರ್ತಿದ್ರು, ಅಷ್ಟೇ.'

ವಾರಗಿತ್ತಿಗೆ ತಡೆಯಲಾಗಲಿಲ್ಲ. 'ನಾವು ದಿನಾ ಹೂಂಗುಟ್ಟಿದೀವಲ್ಲ ಯಜಮಾನ್ರೇ' ಎಂದಳು.

'ಎಲ್ಲಿ?'

'ಫೋನಿನ ಮುಂದೆ.'

ನಿಜ ಹೇಳುತ್ತೇನೆ, ಅಲ್ಲಿಯವರೆಗೆ ನಮ್ಮಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ. ವಾಯ್ಸ್ ಮೆಸೇಜ್ ಒಂದೇ ಕಡೆಯದು ಎಂದು ಗೊತ್ತಿಲ್ಲದಷ್ಟು ದಡ್ಡರೇನೂ ಅಲ್ಲ. ಆದರೆ ಕತೆಗೆ ಹೂಂಗುಟ್ಟಿಯಾಯಿತು ಎಂದರೆ ಕೇಳುವವರ ಬಾಕಿ ತೀರಿತು ಎಂಬುದು ನಮ್ಮ ಮೈಗೆ ಅಂಟಿದ ಲೆಕ್ಕ. ಇಡೀ ಬೀದಿಯ ಹೆಂಗಸರು ಗಂಟಲು ನೋಯುವಂತೆ ಒಂದು ಫೋನಿಗೆ ಹೂಂಗುಟ್ಟಿದ್ದೆವು. ಆರೇಳು ಮೈಲಿ ಆಚೆ ಒಬ್ಬ ಮುದುಕ ಅದೇ ಹೂಂ ಕೇಳದೆ ಕೊರಗಿ ಕತೆ ನಿಲ್ಲಿಸಿದ್ದ. ಯಜಮಾನರು ಮೊದಲು ನಗಲಿಲ್ಲ. ಆಮೇಲೆ ಹೊಟ್ಟೆ ಕುಲುಕತೊಡಗಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಮಗ ಹೆದರಿ ಅಂಗಡಿಯಿಂದ ಓಡಿಬಂದ.

ನಗು ನಿಂತ ಮೇಲೆ ನಾನು ಅತ್ತೆಯ ವಿಷಯ ಹೇಳಿದೆ. ನನ್ನ ಮದುವೆ ಗಂಟನ್ನು ಅವರು ಬಿಚ್ಚಿದ್ದು, ಹುಣಸೆ ಕಾಲದಲ್ಲೆಲ್ಲ ಅದೇ ಕತೆಗಳನ್ನು ಹೇಳಿದ್ದು, ಈಗ ಮಾತು ಹೋಗಿದ್ದು, ಹೂಂ ಬಂದಿದ್ದು, ಅದೂ ನಿಂತಿದ್ದು ಎಲ್ಲ ಹೇಳಿದೆ. 'ದಿನಾ ಒಂದಿಷ್ಟು ಹೇಳಿ ಕಳ್ಸಿ ಸಾಕು. ಇನ್ಮೇಲೆ ನಾವೂ ಹೂಂ ಅಂತ ತುಂಬಿ ಕಳಿಸ್ತೀವಿ' ಎಂದೆ.

ಯಜಮಾನರು ಹುಣಸೆ ಉಂಡೆಯನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು. 'ಬೇಡ. ನಾಳೆ ಪೂಜೆ ಮುಗಿಸ್ಕೊಂಡು ನಾನೇ ಬರ್ತೀನಿ' ಎಂದರು.

ಮರುದಿನ ಮಗನ ಕಾರಿನಲ್ಲಿ ಬಂದರು. ಪಡಸಾಲೆ ಸಾರಿಸಿ, ಒಳ್ಳೆಯ ಚಾಪೆ ಹಾಸಿ, ಬೀದಿಯ ಹೆಂಗಸರೆಲ್ಲ ಕೊಡತಿ ಸಮೇತ ಕೂತಿದ್ದರು. ಅತ್ತೆಯ ಎದುರಿಗೇ ಕುರ್ಚಿ ಹಾಕಿದೆವು. ಯಾರು ಬಂದಿದ್ದಾರೆ ಎಂದು ಅತ್ತೆಯ ಕಿವಿಯಲ್ಲಿ ಹೇಳಿದೆ. ಅವರು ಸೆರಗು ತಲೆಯ ಮೇಲೆ ಎಳೆದುಕೊಂಡರು. ಅಷ್ಟೇ. ಮುಖದಲ್ಲಿ ಏನೂ ಕಾಣಲಿಲ್ಲ.

ಯಜಮಾನರು ಶುರು ಮಾಡಿದರು. ಮಗ ಫೋನು ಹಿಡಿದು ರೆಕಾರ್ಡು ಮಾಡುತ್ತಿದ್ದ. ಹೆಂಗಸರೆಲ್ಲ ಮೊದಲೇ ಮಾತಾಡಿಕೊಂಡವರ ಹಾಗೆ ಒಟ್ಟಿಗೆ ಹೂಂ ಎಂದರು. ಅದು ಕೇಳಿದ್ದೇ ಯಜಮಾನರು ತಡೆದು, ನೀರು ಕುಡಿದು ಮುಂದುವರಿದರು. ಬೇಹುಗಾರ ಹಸಿದಿದ್ದ. ಕೋಟೆಯ ಕಣಜದಲ್ಲಿ ಅಡಗಿ ಹಸಿ ರಾಗಿ ಜಗಿಯುತ್ತಿದ್ದ. ಕೆಳಗೆ ದಂಡಿನವರು ಒಲೆ ಹೂಡಿ ಅಡಿಗೆ ಮಾಡುವ ವಾಸನೆ ಮೇಲಕ್ಕೆ ಬರುತ್ತಿತ್ತು. ನಾವು ಹೂಂ, ಹೂಂ ಎನ್ನುತ್ತಿದ್ದೆವು. ಅತ್ತೆ ಮಾತ್ರ ಬಾಯಿ ಬಿಗಿಹಿಡಿದು ನೆಲ ನೋಡುತ್ತಾ ಕೂತಿದ್ದರು. ಯಜಮಾನರು ಆಗಾಗ ತಡೆದು ಅತ್ತೆಯ ಕಡೆ ಕಿವಿ ಕೊಡುವುದು ನನಗೆ ಕಾಣುತ್ತಿತ್ತು. ಅಲ್ಲಿಂದ ಏನೂ ಬರುತ್ತಿರಲಿಲ್ಲ. ನನಗೆ ಅತ್ತೆಯ ಮೇಲೆ ಕೆಟ್ಟ ಕೋಪ ಬಂತು. ಅಷ್ಟು ವಯಸ್ಸಿನವರು ಮನೆ ಬಾಗಿಲಿಗೆ ಬಂದಿದ್ದಾರೆ, ಒಂದು ಹೂಂ ಅನ್ನಬಾರದೇ ಎಂದು. ಕೋಪದ ಕೆಳಗೆ ಇದ್ದದ್ದು ಭಯವೇ. ಇವರೇ ಬಂದರೂ ಬಾರದ ಸದ್ದು ಇನ್ನು ಯಾವುದಕ್ಕೆ ಬಂದೀತು ಎಂಬ ಭಯ.

ಕತೆಯಲ್ಲಿ ಬೆಳಗಾಯಿತು. ಬೇಹುಗಾರ ಕುದುರೆ ಏರಿದ. ಯಜಮಾನರ ದನಿ ಏರಿತು. 'ಲಗಾಮು ಎಳೆದ, ಹಿಮ್ಮಡಿಯಿಂದ ತಿವಿದ. ಬೆಟ್ಟದ ನೆತ್ತಿಯಿಂದ ಆ ಬಂಡೆಯ ಮೇಲೆ ನಾಗಾಲೋಟದಲ್ಲಿ ಕುದುರೆ ಇಳಿಸಿದ.'

'ಸುಳ್ಳು.'

ಯಾರು ಅಂದದ್ದು ಎಂದು ತಿಳಿಯಲಿಲ್ಲ. ನಾನು ವಾರಗಿತ್ತಿಯನ್ನು, 'ಸುಮ್ಕಿರೇ, ಬಾಯಿ ಹಾಕ್ಬೇಡ' ಎಂದು ಗದರಿದೆ. ಅವಳು ಮಾತಾಡದೆ ಬೆರಳು ಮಾಡಿ ಅತ್ತೆಯನ್ನು ತೋರಿಸಿದಳು.

ಯಜಮಾನರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. 'ಏನಂದ್ರಿ ತಾಯಿ?'

ಅತ್ತೆಯ ತುಟಿ ಅದುರುತ್ತಿತ್ತು. ಎಡಗೈಯನ್ನು ಇಳಿಜಾರಾಗಿ ಹಿಡಿದು ಸರ್ರನೆ ಕೆಳಗೆ ಬಿಟ್ಟರು. 'ಕುದ್ರೆ' ಎಂದರು. ಆಮೇಲೆ ಬಹಳ ಹೊತ್ತು ಹುಡುಕಿ, 'ಜಾರ್ತದೆ' ಎಂದರು.

ಆ ಬೆಟ್ಟ ನಮ್ಮ ಮನೆಯ ಮುಂದೆ ನಿಂತರೆ ಕಾಣುತ್ತದೆ. ಒಂದೇ ಬಂಡೆ. ಮೇಲೆ ಹೋಗಿಬಂದವರಿಗೆ ಗೊತ್ತು, ಅಲ್ಲಿ ಕುದುರೆ ಇರಲಿ, ಚಪ್ಪಲಿ ಹಾಕಿದ ಮನುಷ್ಯನೂ ಕಂಬಿ ಹಿಡಿದೇ ಇಳಿಯಬೇಕು. ಅತ್ತೆ ವಯಸ್ಸಿನಲ್ಲಿದ್ದಾಗ ಹತ್ತಿದವರು.

'ಜಾರ್ತದೆ, ನೀವು ಹೇಳೋದು ದಿಟ' ಎಂದರು ಯಜಮಾನರು. 'ನಾನು ಆ ಬೆಟ್ಟ ಅರ್ಧನೂ ಹತ್ತಿಲ್ಲ ತಾಯಿ. ನಂಗೆ ತಲೆ ತಿರುಗ್ತದೆ. ಹಂಗಾದ್ರೆ ಅವ್ನು ಹೆಂಗೆ ಇಳೀಬೇಕು, ನೀವೇ ಹೇಳಿ.'

ಅತ್ತೆ ಹುಡುಕತೊಡಗಿದರು. ನನಗೆ ಉತ್ತರ ಗೊತ್ತಿತ್ತು, ಪಡಸಾಲೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಡಾಕ್ಟರಮ್ಮನ ಮಾತು ನೆನೆದು ತುಟಿ ಕಚ್ಚಿ ಕೂತೆ. ಪಕ್ಕದ ಮನೆಯಾಕೆ ಹೇಳಲು ಬಾಯಿ ತೆರೆದಾಗ ಅವಳ ತೊಡೆ ಚಿವುಟಿದೆ.

'ಕೂತ್ಕಂಡು' ಎಂದರು ಅತ್ತೆ.

ಯಜಮಾನರು ಮಗನ ಕಡೆ ತಿರುಗಿ, 'ಅಳಿಸ್ಬೇಡ, ಹಂಗೇ ಇರ್ಲಿ' ಎಂದು, ಕತೆಯನ್ನು ಅಲ್ಲಿಂದಲೇ ತಿರುಗಿಸಿದರು. ಬೇಹುಗಾರ ಕುದುರೆಯ ಬೆನ್ನು ಸವರಿ ಮೇಲೆಯೇ ಬಿಟ್ಟ. ಪೇಟ ಬಿಚ್ಚಿ ಸೊಂಟಕ್ಕೆ ಸುತ್ತಿಕೊಂಡ. ಪಾಳೆಯಗಾರನ ಮೆಚ್ಚಿನ ಬಂಟ, ಸುಬೇದಾರನಿಗೇ ಚಳ್ಳೆಹಣ್ಣು ತಿನ್ನಿಸಿದ ವೀರ, ಆ ಬಂಡೆಯ ಮೇಲೆ ಕುಂಡೆಯೂರಿ ಕೂತು, ಮಗುವಿನ ಹಾಗೆ ಇಷ್ಟಿಷ್ಟೇ ತೆವಳಿ ಇಳಿದ. ಹೆಂಗಸರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ನಗುತ್ತಿರುವಾಗಲೇ ಅಳು ಬಂತು. ಹುಣಸೆ ಕೈಯಲ್ಲೇ ಕಣ್ಣೊರೆಸಿಕೊಂಡು, ಉರಿ ತಾಳಲಾರದೆ ಸೆರಗಿನಿಂದ ಉಜ್ಜುತ್ತಾ ಕೂತೆ. ಕಣ್ಣು ಬಿಡಲಾಗುತ್ತಿರಲಿಲ್ಲ, ಆದ್ದರಿಂದ ಮುಂದಿನದನ್ನು ನಾನು ನೋಡಲಿಲ್ಲ, ಕೇಳಿದೆ ಅಷ್ಟೇ.

'ಇಷ್ಟು ವರ್ಷ ನನ್ನ ಕತೆ ಹೇಳಿದೀರಂತೆ' ಎಂದರು ಯಜಮಾನರು. 'ಇನ್ನೂ ಎಲ್ಲೆಲ್ಲಿ ಸುಳ್ಳು ಬರ್ದಿದೀನಿ ತಾಯಿ?'

'ಎಲ್ಲಾ' ಎಂದರು ಅತ್ತೆ.

ಯಜಮಾನರ ಕುರ್ಚಿ ಕಿರ್ರೆಂದಿತು. ಅತ್ತೆ ಇನ್ನೊಂದು ಮಾತಿಗಾಗಿ ಹುಡುಕುತ್ತಿರುವುದು ಅವರ ಉಸಿರಿನಲ್ಲೇ ತಿಳಿಯುತ್ತಿತ್ತು. ಈ ಸಲ ಅದು ಬರಲು ಬಹಳ ಹೊತ್ತು ಹಿಡಿಯಿತು, ನಾವು ಕಾದೆವು, ಯಜಮಾನರೂ ಕಾದರು.

'ಹೇಳಿ' ಎಂದರು ಅತ್ತೆ.